ಹಳೇ ಪಶುಪತಿ, ಹೊಸ ಪಶುಪತಿ

ನಮ್ಮ ಊರಿನಲ್ಲಿ ಯಾರ ಕಂಪ್ಯೂಟರ್ ಕೋಡಿನ ಮೇಲೆ ಒರಗುತ್ತೀರೋ ಅವರಿಗೆ ಊಟ ಹಾಕಬೇಕು. ನೀವು ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದೀರಿ, ಅದರಲ್ಲಿ ಒಂದು ಕೆಲಸಕ್ಕೆ ಬೇರೆ ಯಾರೋ ಬರೆದು ಎಲ್ಲರಿಗೂ ಬಿಟ್ಟಿಟ್ಟ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಸೇರಿಸಿಕೊಂಡಿರಿ ಎಂದುಕೊಳ್ಳಿ. ಮಾರನೆಯ ದಿನ ಹನ್ನೊಂದು ಗಂಟೆಯ ಬಸ್ಸಿನಲ್ಲಿ ಆ ಲೈಬ್ರರಿ ಬರೆದವರು ಹಾಸಿಗೆ ಸುರುಳಿ ಹೊತ್ತುಕೊಂಡು ಬಂದು ಇಳಿಯುತ್ತಾರೆ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಪಡಸಾಲೆಯಲ್ಲಿ ಗಾಳಿ ಬರುವ ಜಾಗ ನೋಡಿ ಹಾಸಿಗೆ ಬಿಚ್ಚುತ್ತಾರೆ. ಲೈಬ್ರರಿ ನಿಮ್ಮಲ್ಲಿ ಇರುವಷ್ಟು ಕಾಲ ಅವರೂ ಇರುತ್ತಾರೆ. ಅದನ್ನು ತೆಗೆದ ದಿನ ಹಾಸಿಗೆ ಸುತ್ತಿಕೊಂಡು ಹೊರಡುತ್ತಾರೆ. ಒಬ್ಬರೇ ಹತ್ತು ಮನೆಯಲ್ಲಿ ಒಟ್ಟಿಗೆ ಇರುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ನಾವು ಕೇಳುವುದಿಲ್ಲ. ಬೆಳಗ್ಗೆ ಎದ್ದರೆ ತಿಂಡಿಗೆ ಎಷ್ಟು ಜನ ಎಂಬುದೇ ನಮ್ಮ ಪ್ರಶ್ನೆ. ಬಿಟ್ಟಿ ಸಿಕ್ಕಿದ್ದಕ್ಕೆ ಎರಡು ಹೊತ್ತು ಅನ್ನ ಹಾಕಿದರೆ ಏನು ತಪ್ಪು ಎಂದು ಊರಿನ ಹಿರಿಯರು ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಅಡುಗೆ ಮಾಡುವವರು ಯಾರೂ ಇಲ್ಲ.

ತೊಂದರೆ ಏನೆಂದರೆ, ಬರುವವರು ಒಬ್ಬರೇ ಬರುವುದಿಲ್ಲ. ಅವರ ಕೋಡು ಇನ್ನೊಬ್ಬರ ಮೇಲೆ ಒರಗಿರುತ್ತದೆ, ಆ ಇನ್ನೊಬ್ಬರದು ಮತ್ತೊಬ್ಬರ ಮೇಲೆ. ಎದುರು ಮನೆಯ ಕರಿಬಸಪ್ಪ ತನ್ನ ಅಂಗಡಿ ಬಿಲ್ಲಿನ ತಂತ್ರಾಂಶಕ್ಕೆ ಬಣ್ಣದ ಗುಂಡಿಗಳನ್ನು ಹಾಕೋಣವೆಂದು ಒಂದು ಪುಟ್ಟ ಲೈಬ್ರರಿ ಸೇರಿಸಿದ. ಮಾರನೆಯ ದಿನ ಬಸ್ಸು ಅವನ ಮನೆ ಮುಂದೆಯೇ ಖಾಲಿಯಾಯಿತು. ಹಿತ್ತಲಲ್ಲಿ ಶೀಟು ಹಾಕಿಸಿದ. ಆ ಗುಂಪಿನಲ್ಲಿ ಒಬ್ಬನ ಕೆಲಸ ಒಂದು ಸಂಖ್ಯೆ ಸಮವೋ ಬೆಸವೋ ಎಂದು ಹೇಳುವುದಷ್ಟೇ. ಅವನು ದಿನವೂ ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾನೆ ಎಂದು ಕರಿಬಸಪ್ಪನ ಹೆಂಡತಿ ನಮ್ಮ ಅಕ್ಕನ ಹತ್ತಿರ ಬಂದು ಗೋಳು ಹೇಳಿಕೊಳ್ಳುತ್ತಿದ್ದಳು.

ನಮ್ಮ ಮನೆಗೆ ಮಾತ್ರ ಯಾರೂ ಬಂದಿರಲಿಲ್ಲ. ಅದು ನನ್ನ ಜಂಬ. ಊರಿನ ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ ಎಲ್ಲದರ ಆಹ್ವಾನ ಪತ್ರಿಕೆಗಳೂ ನಾನು ಬರೆದ ‘ಚಪ್ಪರ’ ಎಂಬ ತಂತ್ರಾಂಶದಲ್ಲೇ ತಯಾರಾಗುತ್ತವೆ. ಹೆಸರು, ಊರು, ದಿನ ತುಂಬಿದರೆ ಸಾಕು, ಪತ್ರಿಕೆ ಸಿದ್ಧ. ಅದರ ಕೋಡು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಪತ್ರಿಕೆ ಮಾಡಿಕೊಂಡವರ ಮನೆಗೆಲ್ಲ ನಾನು ಹೋಗಿ ಕೂರಬೇಕಾಗಿಲ್ಲ. ಉಂಡವರ ಮನೆಗೆ ಅಡುಗೆಯವನು ಹೋಗುತ್ತಾನೆಯೇ. ಒಬ್ಬರ ಕೋಡಿನೊಳಗೆ ಇನ್ನೊಬ್ಬರ ಕೋಡು ಸೇರಿದರೆ ಮಾತ್ರ ಊರಿನ ನಿಯಮ. ಚಪ್ಪರದಲ್ಲಿ ಎರಡು ಅಕ್ಷರದ ನಡುವೆ ಎಷ್ಟು ಜಾಗ ಬಿಡಬೇಕೆಂಬುದನ್ನೂ ನಾನೇ ಬರೆದಿದ್ದೇನೆ. ‘ನನ್ನ ಚಪ್ಪರ ಯಾರ ಮೇಲೂ ಒರಗಿಲ್ಲ’ ಎಂದು ನಾನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದೆ.

“ಹೌದಪ್ಪ ಜಗ್ಗು, ಅನ್ನ ತಾನೇ ಬೇಯತ್ತೆ, ತಾನೇ ಬಂದು ತಟ್ಟೇಲಿ ಕೂರತ್ತೆ,” ಎನ್ನುತ್ತಿದ್ದಳು ವನಜಕ್ಕ.

ವನಜಕ್ಕ ನನ್ನ ಒಡಹುಟ್ಟಿದ ಅಕ್ಕ. ಐವತ್ತು ದಾಟಿದೆ. ಅವಳಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ನನಗೆ ಯಾಕಾಗಲಿಲ್ಲ ಎಂದು ಅಕ್ಕನನ್ನು ಕೇಳಿದರೆ ಹೇಳುತ್ತಾಳೆ, ಅವಳಿಗೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನಾಲಿಗೆ ಅಷ್ಟು ಹರಿತ. ಮನೆ ಅವಳದು, ಒಲೆ ಅವಳದು. ನನ್ನದು ಒಂದು ಕೋಣೆ, ಒಂದು ಕಂಪ್ಯೂಟರು.

ನನ್ನ ಜಂಬ ಮುರಿದದ್ದು ಕಲ್ಯಾಣ ಮಂಟಪದ ತಿಪ್ಪೇಸ್ವಾಮಿಯಿಂದ. ಅವರು ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ ಬಂದು ಕೂತರು. ಜನ ಮುಹೂರ್ತಕ್ಕೆಂದು ಅಲ್ಲಿ ಇಲ್ಲಿ ಅಲೆಯುತ್ತಾರೆ, ಚಪ್ಪರವೇ ಒಳ್ಳೆಯ ದಿನ ಹುಡುಕಿ ಪತ್ರಿಕೆಯಲ್ಲಿ ಹಾಕುವಂತಾದರೆ ಎಷ್ಟು ಚೆನ್ನ ಎಂದರು. ಮುಂದಿನ ಬೇಸಿಗೆಯಲ್ಲಿ ತಮ್ಮ ಮಗಳ ಮದುವೆಯೂ ಇದೆ, ಆ ಪತ್ರಿಕೆಯಿಂದಲೇ ಶುರುವಾಗಲಿ ಎಂದರು. ನಾನು ಉಬ್ಬಿಹೋದೆ. ಆದರೆ ಪಂಚಾಂಗ ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ. ಒಂದು ವಾರ ತಿಣುಕಾಡಿ, ಕೊನೆಗೆ ಅಕ್ಕ ಮಾರ್ಕೆಟ್ಟಿಗೆ ಹೋದ ಸಮಯ ನೋಡಿ, ಮುಹೂರ್ತ ಹುಡುಕುವ ಒಂದು ಲೈಬ್ರರಿಯನ್ನು ಸೇರಿಸಿಬಿಟ್ಟೆ.

ಮಾರನೆಯ ದಿನ ಬಸ್ಸಿನಿಂದ ರೇವತಮ್ಮ ಇಳಿದರು. ದೊಡ್ಡ ಕುಂಕುಮ, ಮೆಲು ದನಿ. ಅವರ ಹಿಂದೆ ಒಬ್ಬ ಗಂಡಸು, ಪೊದೆ ಮೀಸೆ, ಬಾಯಲ್ಲಿ ಎಲೆಅಡಿಕೆ. “ಇವರು ಪಶುಪತಿ. ತಿಂಗಳು ತಿಥಿ ಎಣಿಸಿಕೊಡೋದು ಇವರೇ. ಇವರಿಲ್ಲದೆ ನನಗೆ ಮುಹೂರ್ತ ಸಿಗಲ್ಲ,” ಎಂದರು ರೇವತಮ್ಮ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಬಂದವರಿಗೆ, “ಕಾಲು ತೊಳ್ಕೊಂಡು ಒಳಗೆ ಬನ್ನಿ. ಒಂದು ಮಾತು. ಬಂದೋರು ಈ ಮನೆಗೆ ಹೊಂದ್ಕೊಂಡು ಹೋಗ್ಬೇಕು. ಮನೆ ನಿಮಗೆ ಹೊಂದ್ಕೊಳಲ್ಲ,” ಎಂದಳು. ನನಗೆ ಆ ರಾತ್ರಿ ಮೊಸರು ಬಡಿಸಲಿಲ್ಲ.

ಪಶುಪತಿ ಹೊಂದಿಕೊಂಡದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಹಾಸಿಗೆ ಬಿಚ್ಚಿದವನೇ ಅಡುಗೆಮನೆ ಬಾಗಿಲಲ್ಲಿ ಹೋಗಿ ಕೂತು, ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು ಹಿಚುಕತೊಡಗಿದ. ಕಾಳು ಪುಳಕ್ಕನೆ ಹಾರಿ ಬೋಗುಣಿಗೆ ಬೀಳುತ್ತಿತ್ತು, ಒಂದೂ ಗುರಿ ತಪ್ಪುತ್ತಿರಲಿಲ್ಲ. “ಏ ಪಶುಪತಿ, ಸಿಪ್ಪೆ ಅಲ್ಲಿ ಹಾಕ್ಬೇಡ್ರೀ,” ಎಂದು ಅಕ್ಕ ಗದರಿದಳು. ಅವನು ನಕ್ಕು ಸಿಪ್ಪೆಯನ್ನು ಇತ್ತ ಹಾಕಿದ. ಹತ್ತು ದಿನದಲ್ಲಿ ‘ಪಶುಪತಿ, ತೆಂಗಿನಕಾಯಿ’ ‘ಪಶುಪತಿ, ಒಲೆ ಮೇಲೆ ಹಾಲಿದೆ’ ಎಂಬ ಕೂಗು ನಮ್ಮ ಮನೆಯ ಗಡಿಯಾರವಾಯಿತು. ನಾನು ಇಷ್ಟು ವರ್ಷ ಒಂದು ಕೊತ್ತಂಬರಿ ಕಡ್ಡಿಯನ್ನೂ ಸೋಸಿಕೊಟ್ಟವನಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಂದು ಸಲ ರುಚಿ ಹತ್ತಿದರೆ ಬಿಡುವುದು ಕಷ್ಟ. ಜನ ಪತ್ರಿಕೆಯನ್ನು ಮದುವೆಯಾದ ಮೇಲೆ ಎಸೆಯುತ್ತಾರೆ, ಹಿಂಭಾಗದಲ್ಲಿ ಕ್ಯಾಲೆಂಡರ್ ಇದ್ದರೆ ಗೋಡೆಗೆ ಅಂಟಿಸಿಕೊಳ್ಳುತ್ತಾರೆ ಎಂದು ತಿಪ್ಪೇಸ್ವಾಮಿ ಇನ್ನೊಂದು ಆಸೆ ಹೇಳಿದರು. ನಾನು ಕ್ಯಾಲೆಂಡರಿನ ಲೈಬ್ರರಿ ಸೇರಿಸಿದೆ. ಅದನ್ನು ಬರೆದವರು ಡಯಾಸ್ ಮಾಸ್ತರು, ನಿವೃತ್ತರು, ಸುಮ್ಮನೆ ಕೂರಲಾರದವರು. ಬಸ್ಸಿನಿಂದ ಇಳಿದು ಗೇಟು ದಾಟುವುದರೊಳಗೆ ಕರಿಬಸಪ್ಪನ ಮನೆಯ ಸಮಬೆಸದವನಿಗೆ ಮಗ್ಗಿ ಹೇಳಿಕೊಟ್ಟಿದ್ದರು. ಅವರ ಹಿಂದೆಯೂ ಒಬ್ಬ ಗಂಡಸು ಹಾಸಿಗೆ ಹೊತ್ತು ಬಂದ. “ಇವರು ಪಶುಪತಿ, ತಿಥಿ ಎಣಿಸೋರು,” ಎಂದರು ಮಾಸ್ತರು.

ಅದೇ ಮುಖ, ಅದೇ ನಿಲುವು. ಮೀಸೆ ಮಾತ್ರ ಇರಲಿಲ್ಲ. ಇದು ಪಶುಪತಿಯ ಹೊಸ ಆವೃತ್ತಿ. ರೇವತಮ್ಮನ ಕೋಡು ಒರಗಿದ್ದು ಹಳೆಯದರ ಮೇಲೆ, ಮಾಸ್ತರದು ಹೊಸದರ ಮೇಲೆ. ನಾನು ಅದನ್ನು ನೋಡದೆ ಎರಡನ್ನೂ ಒಂದೇ ಮನೆಗೆ ತಂದಿದ್ದೆ. ಹಳೇ ಪಶುಪತಿ ಅಡುಗೆಮನೆಯಿಂದ ಹೊರಗೆ ಬಂದು ಹೊಸ ಪಶುಪತಿಯನ್ನು ಮೇಲಿಂದ ಕೆಳಗೆ ನೋಡಿದ. ಇಬ್ಬರೂ ಒಟ್ಟಿಗೆ ಗಂಟಲು ಸರಿಮಾಡಿಕೊಂಡರು.

ಅಂದಿನಿಂದ ನನ್ನ ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಇಬ್ಬರೂ ಒಬ್ಬನೇ ಆದ್ದರಿಂದ ಇಬ್ಬರಿಗೂ ಟವೆಲ್ ಹಾಕಲು ಅದೇ ಮೊಳೆ ಬೇಕು, ಮಲಗಲು ಅದೇ ಕಿಟಕಿ ಬುಡ ಬೇಕು, ಕಾಫಿಗೆ ಅದೇ ಸೊಟ್ಟ ಲೋಟ ಬೇಕು. ‘ಪಶುಪತಿ’ ಎಂದು ಕೂಗಿದರೆ ಇಬ್ಬರೂ ಬರುತ್ತಿದ್ದರು. ಹೊಸಬ ಬೆಳ್ಳುಳ್ಳಿ ಬಿಟ್ಟಿದ್ದ, ಎಲೆಅಡಿಕೆ ಬಿಟ್ಟಿದ್ದ, ಮದುವೆಯಾಗಿದ್ದ, ಬೆಳಗ್ಗೆ ಯೋಗಾಸನ ಮಾಡುತ್ತಿದ್ದ. ಹಳಬನಿಗೆ ಇವೆಲ್ಲ ತನ್ನನ್ನೇ ಎತ್ತಿ ಆಡಿದಂತೆ ಕಾಣುತ್ತಿತ್ತು. “ನನ್ನನ್ನೇ ತಿದ್ದಿ ತಿದ್ದಿ ಇವನ್ನ ಮಾಡಿದ್ದು. ತಿದ್ದೋವಾಗ ನಗೋದು ಎಲ್ಲೋ ಬಿದ್ದೋಗಿದೆ,” ಎಂದು ಅಕ್ಕನ ಹತ್ತಿರ ಹೇಳಿದ. ಅಕ್ಕ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಒಂದು ಪಾತ್ರೆ, ಹಾಕದೆ ಇನ್ನೊಂದು ಪಾತ್ರೆ ಮಾಡತೊಡಗಿದಳು. ನನಗೆ ಬೇಕೆಂದು ಅವಳು ಎಂದೂ ಎರಡು ಸಾರು ಮಾಡಿದ್ದಿಲ್ಲ. ಈ ನಡುವೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಡಯಾಸ್ ಮಾಸ್ತರ ಜೊತೆ ನನ್ನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಕೇಕು ಮಾಡುವುದನ್ನು ಕಲಿಯುತ್ತಿರಬೇಕು ಎಂದು ನಾನು ಆಸೆಯಿಂದ ಸುಮ್ಮನಿದ್ದೆ.

ಬೇಸಿಗೆ ಬಂತು. ತಿಪ್ಪೇಸ್ವಾಮಿ ಮಗಳ ಮದುವೆಗೆ ವೈಶಾಖ ಮಾಸ ಬೇಕೆಂದು ತುಂಬಿದರು, ಚಪ್ಪರ ಒಳ್ಳೆಯ ದಿನ ಹುಡುಕಿಕೊಟ್ಟಿತು, ಪತ್ರಿಕೆ ಅಚ್ಚಾಗಿ ಊರೆಲ್ಲ ಹಂಚಿಯಾಯಿತು. ನಾನು ಮದುವೆ ಊಟದ ಕನಸು ಕಾಣುತ್ತಿದ್ದೆ. ಆಗ ಒಂದು ಬೆಳಗ್ಗೆ ತಿಪ್ಪೇಸ್ವಾಮಿ ಪತ್ರಿಕೆ ಹಿಡಿದುಕೊಂಡು ಬಂದರು. ಕೂರಿ ಎಂದರೆ ಕೂರಲಿಲ್ಲ.

“ಇದನ್ನ ಓದಿ.” ಓದಿದೆ. ವೈಶಾಖ ಶುದ್ಧ ಪಂಚಮಿ, ಶುಭ ಮುಹೂರ್ತ, ತಾವೆಲ್ಲರೂ ಸಕುಟುಂಬ ಆಗಮಿಸಿ. “ಈಗ ತಿರುಗಿಸಿ ಓದಿ.” ಹಿಂದೆ ಕ್ಯಾಲೆಂಡರು. ಅದೇ ದಿನದ ಮೇಲೆ ಅಧಿಕ ವೈಶಾಖ ಮಾಸ ಎಂದಿತ್ತು. ಕೆಳಗೆ ಚಿಕ್ಕ ಅಕ್ಷರದಲ್ಲಿ, ಈ ಮಾಸದಲ್ಲಿ ಯಾವ ಶುಭಕಾರ್ಯವನ್ನೂ ಮಾಡತಕ್ಕದ್ದಲ್ಲ.

“ಮುಂದೆ ಬನ್ನಿ ಅಂತೀರಿ, ಹಿಂದೆ ಬರಬೇಡಿ ಅಂತೀರಿ. ನಮ್ಮ ಬೀಗಿತ್ತಿ ಇದನ್ನ ಎರಡು ಸಲ ಮಗುಚಿ ನೋಡಿ, ‘ಸಂಬಂಧ ಬೇಡದಿದ್ರೆ ನೇರ ಹೇಳ್ಬೋದಿತ್ತು ತಿಪ್ಪೇಸ್ವಾಮಿಯವ್ರೇ, ಕಾರ್ಡ್ ಯಾಕೆ ಅಚ್ಚು ಹಾಕಿಸಿದ್ರಿ’ ಅಂದ್ರು. ನಾನು ಎಲ್ಲಿ ಮುಖ ಇಟ್ಕೊಳ್ಳಲಿ?”

ನಾನು ಇಬ್ಬರು ಪಶುಪತಿಗಳನ್ನೂ ಪಡಸಾಲೆಗೆ ಕರೆದೆ. ಪತ್ರಿಕೆಯಲ್ಲಿರುವ ದಿನ ಯಾವ ಮಾಸದ್ದು ಎಂದು ಕೇಳಿದೆ. ಹಳಬ ಬೆರಳಿನ ಗೆಣ್ಣುಗಳ ಮೇಲೆ ಯುಗಾದಿಯಿಂದ ಎಣಿಸಿ ವೈಶಾಖ ಎಂದ. ಹೊಸಬ ಕಣ್ಣು ಮುಚ್ಚಿ ತೆರೆದು ಅಧಿಕ ವೈಶಾಖ ಎಂದ. ನಿಜವಾದ ವೈಶಾಖ ಬರುವುದು ಅದರ ಮುಂದಿನ ತಿಂಗಳು, ಈ ವರ್ಷಕ್ಕೆ ಹದಿಮೂರು ತಿಂಗಳು ಎಂದ.

“ಹದಿಮೂರಾ?” ಹಳಬ ತನ್ನ ಬೆರಳುಗಳನ್ನು ನೋಡಿಕೊಂಡ. “ನನಗಿರೋದು ಹನ್ನೆರಡು ಗೆಣ್ಣು. ಹದಿಮೂರನೇದನ್ನ ಎಲ್ಲಿ ಇಡ್ಲಿ?”

“ಕಲೀಬೋದಲ್ರೀ,” ಎಂದೆ ನಾನು.

“ಕಲೀಬೋದು. ಕಲಿತ್ರೆ ನಾನು ಇವನಾಗ್ತೀನಿ.” ಹೊಸಬನ ಕಡೆ ಗದ್ದ ತೋರಿಸಿದ. “ಆಗ್ಲೇ ಇದಾನಲ್ಲ. ಇನ್ನೊಬ್ಬ ಯಾಕೆ?”

ಹೊಸಬ ನೆಲ ನೋಡಿದ. ಅವನನ್ನು ನಾನು ಒಣಕಲು ಎಂದುಕೊಂಡಿದ್ದೆ, ಆ ಕ್ಷಣ ಅವನ ಮುಖದಲ್ಲಿ ನಾಚಿಕೆಯಿತ್ತು. ರೇವತಮ್ಮ ಮೆಲ್ಲಗೆ ಮುಂದೆ ಬಂದರು. ತಪ್ಪು ತಮ್ಮದು, ತಮ್ಮ ಕೋಡಿನಲ್ಲಿ ಒಂದು ಸಾಲು ಬದಲಾಯಿಸಿ ಹೊಸ ಪಶುಪತಿಯ ಮೇಲೆ ಒರಗಿದರೆ ಎಲ್ಲ ಸರಿಹೋಗುತ್ತದೆ, ಇದನ್ನು ಎಂದೋ ಮಾಡಬೇಕಿತ್ತು ಎಂದರು. “ಆದ್ರೆ ಇವರ ಮೇಲೆ ಒರಗಿರೋಳು ನಾನೊಬ್ಬಳೇ ಉಳಿದಿರೋದು. ನಾನೂ ಬಿಟ್ರೆ ಇವರು ಎಲ್ಲಿಗೆ ಹೋಗ್ತಾರೆ ಅಂತ ಕೈ ಬರ್ಲಿಲ್ಲ.”

ಯಾರೂ ಒರಗದ ಹಳೆಯ ಆವೃತ್ತಿಗಳು ಎಲ್ಲಿಗೆ ಹೋಗುತ್ತವೆ ಎಂದು ನಮ್ಮ ಊರಿನಲ್ಲಿ ಯಾರೂ ಹೇಳುವುದಿಲ್ಲ. ಹನ್ನೊಂದು ಗಂಟೆಯ ಬಸ್ಸು ಹತ್ತುತ್ತಾರೆ, ಅಷ್ಟು ಗೊತ್ತು. ಹಳೇ ಪಶುಪತಿಗೆ ವಾಪಸ್ಸು ಹೋಗಲು ಮನೆಯಿಲ್ಲ. ಅವನ ಮನೆಯಲ್ಲಿ ಹೊಸ ಪಶುಪತಿಯ ಹೆಂಡತಿಯಿದ್ದಾಳೆ.

ತಿಪ್ಪೇಸ್ವಾಮಿ ಕೈಯಲ್ಲಿ ಪತ್ರಿಕೆ ಹಿಡಿದು ಕಾದು ನಿಂತಿದ್ದರು. ಅವರ ಮಗಳ ಮದುವೆ, ಬೀಗರ ಸಿಟ್ಟು, ಊರಿನ ಎಲ್ಲ ಪತ್ರಿಕೆಗಳು, ನನ್ನ ಹೆಸರು. ನಾಳೆಯೊಳಗೆ ಸರಿಮಾಡುತ್ತೇನೆ ಎಂದೆ. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಆಮೇಲೆ ಒಂದು ತಟ್ಟೆ.

ರೇವತಮ್ಮ ಸಾಲು ಬದಲಾಯಿಸಿದರು, ನಾನು ಅದನ್ನು ಚಪ್ಪರಕ್ಕೆ ಸೇರಿಸಿಕೊಂಡೆ. ಬೆಳಗ್ಗೆ ಹಳೇ ಪಶುಪತಿ ಅಡುಗೆಮನೆ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಹತ್ತೂವರೆ ಆಗುತ್ತಿದ್ದಂತೆ ಕೈ ತೊಳೆದು, ಹಾಸಿಗೆ ಸುತ್ತಿ, ಮೊಳೆಯಿಂದ ತನ್ನ ಟವೆಲ್ ತೆಗೆದುಕೊಂಡ. ಹೊಸಬನ ಟವೆಲನ್ನು ನೀಟಾಗಿ ಮಡಚಿ ಅದೇ ಮೊಳೆಗೆ ಹಾಕಿದ. “ಅರ್ಧ ಉಳೀತು,” ಎಂದು ಹುಣಸೆಹಣ್ಣಿನ ಮೊರ ತೋರಿಸಿದ.

“ಇರ್ಲಿ ಬಿಡಿ,” ಎಂದಳು ಅಕ್ಕ. ತಿರುಗಿ ನೋಡಲಿಲ್ಲ.

ಅವನು ಗೇಟು ದಾಟಿದ. ಒಬ್ಬ ಒಳ್ಳೆಯ ಮನುಷ್ಯನನ್ನು ಒಂದು ಸಾಲಿನಿಂದ ಕರೆಸಿ ಒಂದು ಸಾಲಿನಿಂದ ಕಳಿಸಿದ್ದೆ. ಅಕ್ಕನ ಹತ್ತಿರ ಏನಾದರೂ ಹೇಳೋಣವೆಂದು ಅಡುಗೆಮನೆಗೆ ಹೋದರೆ ಅವಳು ಅಲ್ಲಿರಲಿಲ್ಲ. ನನ್ನ ಕೋಣೆಯಲ್ಲಿ, ನನ್ನ ಕುರ್ಚಿಯಲ್ಲಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಡಯಾಸ್ ಮಾಸ್ತರು ಪರೀಕ್ಷೆ ಕೊಠಡಿಯಲ್ಲಿ ನಿಂತ ಹಾಗೆ ಕೈಕಟ್ಟಿ ನಿಂತಿದ್ದರು. ಅಕ್ಕ ಒಂದೊಂದೇ ಬೆರಳಿನಿಂದ ಏನೋ ಒತ್ತಿದಳು. “ಚುಕ್ಕೆ ಮರೀಬೇಡಿ,” ಎಂದರು ಮಾಸ್ತರು. ಅಕ್ಕ ಚುಕ್ಕೆ ಹಾಕಿ, ಕೊನೆಯ ಗುಂಡಿಯನ್ನು ಇಡ್ಲಿ ಹಿಟ್ಟಿನ ಹದ ನೋಡುವವಳ ಹಾಗೆ ಮೆಲ್ಲಗೆ ಒತ್ತಿದಳು.

ಬೀದಿಯಲ್ಲಿ ಬಸ್ಸು ಹಾರ್ನ್ ಹೊಡೆಯಿತು, ನಿಂತಿತು, ಇನ್ನೊಮ್ಮೆ ಹೊಡೆದು ಹೊರಟಿತು. ಕಿಟಕಿಯಿಂದ ನೋಡಿದರೆ ಪಶುಪತಿ ಬರುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟವನು ಇಳಿದು, ಹಾಸಿಗೆ ಹೊತ್ತು, ತನಗೇ ತಿಳಿಯದ ಹಾಗೆ ಗೇಟಿನೊಳಗೆ ಬಂದು ಕಾಲು ತೊಳೆದುಕೊಂಡ. ಯಾರೋ ಅವನ ಮೇಲೆ ಒರಗಿದ್ದರು.

ಅಕ್ಕ ಬರೆದಿದ್ದು ಪುಟ್ಟ ತಂತ್ರಾಂಶ. ದಿನಾ ಬೆಳಗ್ಗೆ ಹಳೇ ಪಶುಪತಿಯನ್ನು ಇವತ್ತು ಯಾವ ತಿಥಿ ಎಂದು ಕೇಳುತ್ತದೆ, ಅದಕ್ಕೆ ತಕ್ಕ ಅಡುಗೆಯನ್ನು ಒಂದು ಚಂದದ ಹಾಳೆಯಲ್ಲಿ ತೋರಿಸುತ್ತದೆ. ಅಷ್ಟೇ. ಅದರಲ್ಲಿ ತಿಂಗಳು ತಪ್ಪಿದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

“ಅಕ್ಕ, ಅವರ ಲೆಕ್ಕ ತಪ್ಪು ಅಂತ ಗೊತ್ತಿದ್ದೂ,” ಎಂದು ಶುರುಮಾಡಿದೆ.

“ಗೊತ್ತು ಕಣೋ. ನಿನ್ನ ಚಪ್ಪರಕ್ಕೆ ಸರಿಯಾಗಿರೋರು ಬೇಕು. ನನಗೆ ಸಾರಿಗೆ ಉಪ್ಪು ಸರಿಯಾಗಿದ್ರೆ ಸಾಕು.”

“ಇಷ್ಟು ಚಂದದ ಹಾಳೆ ಎಲ್ಲಿಂದ ತಂದೆ? ಅಂಚು, ಅಕ್ಷರ, ಎಲ್ಲ ಎಲ್ಲೋ ನೋಡಿದ ಹಾಗಿದೆ.”

“ನಿನ್ನ ಚಪ್ಪರದ್ದೇ. ಯಾರು ಬೇಕಾದ್ರೂ ತಗೋಬೋದು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲ.” ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. “ಇನ್ನು ನೀನು ನನ್ನ ಕೋಡಿನ ಅತಿಥಿ. ಅತಿಥಿಗಳು ಪಡಸಾಲೇಲಿ ಮಲಗೋದು.”

ನಾನು ತಿರುಗಿ ನೋಡುವಷ್ಟರಲ್ಲಿ ನನ್ನ ಕೈಯೇ ನನ್ನ ಹಾಸಿಗೆಯನ್ನು ಸುತ್ತುತ್ತಿತ್ತು. ನಿಯಮ ಎಂದರೆ ನಿಯಮ. ಇಬ್ಬರು ಪಶುಪತಿಗಳ ನಡುವೆ, ಗಾಳಿ ಬಾರದ ಕಡೆ, ಜಾಗ ಸಿಕ್ಕಿತು. ಆ ಸಂಜೆ ಉಳಿದರ್ಧ ಹುಣಸೆಹಣ್ಣಿನ ಬೀಜ ನಾನೂ ಬಿಡಿಸಿದೆ, ಬೆರಳೆಲ್ಲ ಅಂಟಾಯಿತು.

ತಿಪ್ಪೇಸ್ವಾಮಿಯ ಮಗಳ ಮದುವೆ ನಿಜವಾದ ವೈಶಾಖದಲ್ಲಿ ನಡೆಯಿತು. ಹೊಸ ಪತ್ರಿಕೆಯ ಮುಂದೆ ಹಿಂದೆ ಒಂದೇ ಮಾತು. ಬೀಗಿತ್ತಿ ನಾಲ್ಕು ಹೋಳಿಗೆ ತಿಂದರು. ನಮ್ಮ ಮನೆ ಮಾತ್ರ ಅಂದಿನಿಂದ ಊರಿಗಿಂತ ಒಂದು ತಿಂಗಳು ಮುಂದೆ ಓಡುತ್ತಿದೆ. ಊರಿಗೆಲ್ಲ ಆಷಾಢವಿದ್ದಾಗ ನಮ್ಮಲ್ಲಿ ಶ್ರಾವಣ ಶನಿವಾರದ ಪಾಯಸ. ಹೊಸ ಪಶುಪತಿ ಮೊದಮೊದಲು ಎಲೆ ಮುಂದೆ ಕೂತು ‘ಇದು ಶ್ರಾವಣವಲ್ಲ’ ಎಂದು ನೊಂದುಕೊಳ್ಳುತ್ತಿದ್ದ. ಈಗ ಪಾಯಸ ಮುಗಿಸಿ ಆಮೇಲೆ ನೊಂದುಕೊಳ್ಳುತ್ತಾನೆ.

ಊರಿನಲ್ಲಿ ಶ್ರಾವಣ ಶುರುವಾಗಿ ನಾಲ್ಕನೆಯ ದಿನ ನಮ್ಮ ಹಾಳೆಯಲ್ಲಿ ಭಾದ್ರಪದ ಶುದ್ಧ ಚೌತಿ, ಕಡುಬು ಎಂದು ಬಂತು. ಗಣಪತಿ ಮಾಡುವವರು ಇನ್ನೂ ಕೆರೆ ಮಣ್ಣು ಮುಟ್ಟಿರಲಿಲ್ಲ. ಹಳೇ ಪಶುಪತಿ ತಾನೇ ಹೋಗಿ ಮಣ್ಣು ತಂದು, ಸೊಂಡಿಲು ಸ್ವಲ್ಪ ದಪ್ಪವಾದ ಒಂದು ಗಣಪತಿ ಮಾಡಿದ. ತಿಪ್ಪೇಸ್ವಾಮಿ ಯಾವುದೋ ಪತ್ರಿಕೆಯ ಕೆಲಸಕ್ಕೆ ಬಂದವರು ಬಾಗಿಲಿಗೆ ತೋರಣ ಕಂಡು ನಿಂತರು.

“ಏನ್ರೀ ಇದು, ಚೌತಿ ಬರೋ ತಿಂಗಳಲ್ವಾ?”

“ನಿಮ್ಮನೇಲಿ ಬರೋ ತಿಂಗಳು. ಬನ್ನಿ, ಕಡುಬು ಬಿಸಿಯಾಗಿದೆ,” ಎಂದಳು ಅಕ್ಕ ಒಳಗಿನಿಂದ. ಅವರು ಚಪ್ಪಲಿ ಬಿಟ್ಟರು.

ಲೆಕ್ಕ ತಪ್ಪೆಂದು ಬಾಯಿ ತೆರೆಯಲು ಹೋದ ನನ್ನನ್ನು ಅಕ್ಕ ಸೌಟು ಹಿಡಿದೇ ನೋಡಿದಳು. “ಬಂದೋರು ಹೊಂದ್ಕೊಂಡು ಹೋಗ್ಬೇಕು,” ಎಂದಳು. ನಾನು ಎಲೆ ಮುಂದೆ ಕೂತೆ. ಕಡುಬು ಚೆನ್ನಾಗಿತ್ತು, ಹೂರಣಕ್ಕೆ ಏಲಕ್ಕಿ ಹಿತವಾಗಿತ್ತು. ಮೂರನೆಯದಕ್ಕೆ ಕೈ ಚಾಚುತ್ತಾ, ಮುಂದಿನ ತಿಂಗಳು ಊರಿನ ಚೌತಿಗೂ ಮಾಡುತ್ತೀಯಾ ಎಂದು ಕೇಳಿದೆ.

ಅಕ್ಕ ಎದುರು ಸಾಲಿನಲ್ಲಿ ತಲೆ ತಗ್ಗಿಸಿ ತಿನ್ನುತ್ತಿದ್ದ ಪೊದೆ ಮೀಸೆಯ ಕಡೆ ಒಮ್ಮೆ ನೋಡಿ, ತುಪ್ಪದ ಗಿಂಡಿ ಎತ್ತಿಕೊಂಡಳು.

“ನನ್ನನ್ನೇನು ಕೇಳ್ತೀಯ. ಅವರನ್ನ ಕೇಳು. ಈ ಮನೇಲಿ ತಿಂಗಳು ಎಣಿಸೋರು ಅವರು.”

ಇಡೀ ಬೀದಿಗೆ ಕೇಳುವ ಹಾಗೆ ‘ಪಶುಪತಿ, ಪಶುಪತಿ’ ಎಂದು ಕೂಗುತ್ತಿದ್ದವಳು ಆ ಹೆಸರು ಹೇಳುವುದನ್ನು ಯಾವಾಗ ಬಿಟ್ಟಳೋ, ಒಂದೇ ಸೂರಿನ ಕೆಳಗಿದ್ದೂ ನಾನು ಗಮನಿಸಿರಲಿಲ್ಲ.